ವಾಸನೆ ಇಲ್ಲದ ಹೂವು

“ಗುರುಗಳೇ, ನಾನು ವಚನ ಹಾಡಿದರೆ ಜನ ತಲೆದೂಗುತ್ತಾರೆ. ನೀವು ಹಾಡಬೇಡ, ಅರ್ಥ ಹೇಳು ಅನ್ನುತ್ತೀರಿ. ಅರ್ಥ ಹೇಳಲು ನಿಂತರೆ ನಾಲಿಗೆ ತಡವರಿಸುತ್ತದೆ. ಬರುವುದನ್ನು ಬಿಡಿಸಿ ಬಾರದ್ದನ್ನೇ ಯಾಕೆ ಮಾಡಿಸುತ್ತೀರಿ?” ಎಂದು ಶಿಷ್ಯ ಗುರುಪಾದ ಕೇಳಿದ. ಕೇಳುವಾಗ ಅವನ ಕಣ್ಣು ತುಂಬಿತ್ತು.

ಗುರುಗಳು ತಮ್ಮ ಬಾಲ್ಯದ ಊರನ್ನು ನೆನೆದುಕೊಂಡು ಹೇಳತೊಡಗಿದರು.

ನಮ್ಮೂರ ಪೇಟೆಯಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಅವಳ ಪುಟ್ಟ ಮಗಳ ಒಂದು ಕಣ್ಣಿನ ನಡುವೆ ಬೆಳ್ಳಗೆ ಪೊರೆ ಕಾಣಿಸಿಕೊಂಡಿತು. ಪೊರೆ ಬರುವುದು ಮುದುಕರಿಗೆ, ಮಗುವಿಗೆಲ್ಲಿಯ ಪೊರೆ, ಯಾರದೋ ದೃಷ್ಟಿ ತಾಗಿದೆ ಎಂದರು ನೆರೆಯವರು. ತಾಯಿ ಆ ಮಾತಿಗೆ ಕಿವಿಗೊಡದೆ ಮಗುವನ್ನು ಎತ್ತಿಕೊಂಡು ಪಟ್ಟಣದ ವೈದ್ಯರ ಬಳಿಗೆ ಓಡಿದಳು.

ವೈದ್ಯರು ಪೊರೆ ತೆಗೆದು ದಪ್ಪ ಕನ್ನಡಕ ಹಾಕಿದರು. “ನನ್ನ ಕೆಲಸ ಮುಗಿಯಿತು ತಾಯಿ, ನಿನ್ನದು ಈಗ ಶುರು. ಈ ಕಣ್ಣಿಗೆ ಇನ್ನೂ ನೋಡಲು ಬರುವುದಿಲ್ಲ. ದಿನವೂ ಸ್ವಲ್ಪ ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸು. ಅದು ತೆರೆದೇ ಇದ್ದರೆ ಇದು ಸೋಮಾರಿಯಾಗುತ್ತದೆ. ದೊಡ್ಡವಳಾದ ಮೇಲೆ ಕಲಿಸುತ್ತೇನೆಂದರೆ ಕಲಿಯುವುದಿಲ್ಲ,” ಎಂದರು.

ಪಟ್ಟಿ ಅಂಟಿಸಿದರೆ ಸಾಕು, ಮಗು ಅತ್ತು ಊರು ಒಂದು ಮಾಡುತ್ತಿತ್ತು. ತಾಯಿಯ ಕರುಳು ಕಿತ್ತು ಬರುತ್ತಿತ್ತು. ಅಳು ಮರೆಸಲು ಮಲ್ಲಿಗೆ, ಕನಕಾಂಬರ ಬೆರೆಸಿ ಮುಂದೆ ಸುರಿದು, ಬೇರೆ ಮಾಡು ಮಗಳೇ ಎನ್ನುತ್ತಿದ್ದಳು. ಬರಬರುತ್ತಾ ಮಗು ಒಂದೂ ತಪ್ಪದೆ ಬೇರೆ ಮಾಡತೊಡಗಿತು. ತಾಯಿಗೆ ಹಿಗ್ಗೋ ಹಿಗ್ಗು. ಮಗಳಿಗೆ ಚೆನ್ನಾಗಿ ಕಾಣುತ್ತಿದೆ ಎಂದು ಪೇಟೆಗೆಲ್ಲ ಸಾರಿದಳು. ವೈದ್ಯರು ಪರೀಕ್ಷಿಸಿದರೆ ಕಣ್ಣು ಮೊದಲು ಹೇಗಿತ್ತೋ ಹಾಗೇ ಇತ್ತು.

ಅಂದು ಮನೆಗೆ ಬಂದು ಅವಳು ಮಗುವನ್ನೇ ಗಮನಿಸಿದಳು. ಹೂವನ್ನು ಕನ್ನಡಕದ ಹತ್ತಿರ ಹಿಡಿದು ನೋಡುತ್ತಿದೆ ಎಂದುಕೊಂಡಿದ್ದಳು. ಮಗು ಹಿಡಿಯುತ್ತಿದ್ದುದು ಮೂಗಿಗೆ. ಹೂವಾಡಗಿತ್ತಿಯ ಮಗಳಲ್ಲವೇ, ಮೂಗು ಚುರುಕಾಗಿತ್ತು.

ಮರುದಿನ ಚಳಿಗಾಲದಲ್ಲಿ ಅರಳುವ ಸ್ಫಟಿಕದ ಹೂವು ತಂದು ಸುರಿದಳು. ಬಿಳಿಯದೂ ನೇರಳೆಯದೂ ಒಂದೇ ಆಕಾರ, ಎರಡಕ್ಕೂ ವಾಸನೆ ಇಲ್ಲ. ಮಗು ಮೂಸಿತು, ತಡಕಿತು, ಸಿಟ್ಟು ಬಂದು ಎಲ್ಲವನ್ನೂ ಎರಚಿತು. ತಾಯಿ ಅಳುತ್ತಲೇ ಆಯ್ದು ತಂದು ಮತ್ತೆ ಸುರಿದಳು. ಹೀಗೆ ಎಷ್ಟೋ ಸಂಜೆಗಳು ಕಳೆದವು. ಒಂದು ಸಂಜೆ ಮಗು ಹೂವನ್ನು ಮೂಗಿಗೆ ಹಿಡಿಯಲಿಲ್ಲ, ಬೆಳಕಿಗೆ ಹಿಡಿಯಿತು.

ಆ ಮಗಳು ಈಗ ಅದೇ ಜಾಗದಲ್ಲಿ ಕೂತು ಹೂ ಕಟ್ಟುತ್ತಾಳೆ. ಮುಪ್ಪಾದ ತಾಯಿ ಪಕ್ಕದಲ್ಲಿರುತ್ತಾಳೆ. ಸ್ಫಟಿಕದ ಹೂವಿನ ಕಾಲ ಬಂತೆಂದರೆ ಅವಳಿಗೆ ಆ ಸಂಜೆಗಳು, ಆ ಪುಟ್ಟ ಒದ್ದೆ ಕೈಗಳು ನೆನಪಾಗುತ್ತವೆ. ಮಗಳು ನಗುತ್ತಾ, “ಅವ್ವಾ, ಆಗ ನಿನ್ನಷ್ಟು ಕೆಟ್ಟವಳು ಲೋಕದಲ್ಲೇ ಇಲ್ಲ ಅಂದುಕೊಂಡಿದ್ದೆ” ಎನ್ನುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಕಡೆ ತಿರುಗಿ ಹೇಳಿದರು:

“ನಿನ್ನ ಕಂಠ ಬಹಳ ಇಂಪು ಮಗು, ಅದಕ್ಕೇ ನಿನ್ನ ಮುಂದೆ ಸ್ಫಟಿಕದ ಹೂವು ಸುರಿದಿದ್ದೇನೆ.”