ಕತ್ತಿನ ಸುತ್ತ ಕೆಂಪು ಹೊಲಿಗೆ

ಇಂದಿನ ಹಂಗೇರಿಯವರ ಪೂರ್ವಜರಾದ ಮಗ್ಯಾರರು ಇನ್ನೂ ಒಂದು ಕಡೆ ನೆಲೆ ನಿಲ್ಲದೆ, ಕುದುರೆಗಳ ಹಿಂದೆ ಹುಲ್ಲುಬಯಲು ಅಲೆಯುತ್ತಿದ್ದ ಕಾಲ. ಬರೆದಿಡುವ ರೂಢಿ ಅವರಲ್ಲಿರಲಿಲ್ಲ. ಕುಲ ಎಲ್ಲಿಂದ ಬಂತು, ದಾರಿಯಲ್ಲಿ ಯಾರ ಜೊತೆ ಕೂಡಿತು ಎನ್ನುವುದೆಲ್ಲ ಒಬ್ಬ ಹಿರಿಯರ ಬಾಯಲ್ಲಿರುತ್ತಿತ್ತು.

ಆ ಹಿರಿಯರು ಇಲ್ಮಾನ್ ಗುರುಗಳು. ಅವರ ಶಿಷ್ಯ ಬಾರ್ಸ್.

ಹಲವು ವರ್ಷ ಕಲಿತು ಬಾರ್ಸ್ ಕುಲದ ಕಥೆಯನ್ನು ಒಂದು ಮಾತೂ ಬಿಡದೆ ಹೇಳಬಲ್ಲವನಾಗಿದ್ದ. ಮರುದಿನ ಬೆಳಿಗ್ಗೆ ಸಭೆಯಲ್ಲಿ ಅದನ್ನು ಮೊದಲ ಸಲ ಹೇಳಬೇಕಿತ್ತು. ಹೇಳಿ ಮುಗಿಸಿದರೆ ಅವನ ಸೊಂಟಕ್ಕೆ ಬೆಳ್ಳಿಬಿಲ್ಲೆಗಳ ಪಟ್ಟಿ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಕುಲದ ಬಾಯಿ ಅವನೇ.

ಸಭೆಗೆಂದು ಪಕ್ಕದ ತುರ್ಕಿ ಕುಲದ ಯಜಮಾನ ತೊಗಾನ್ ಬಂದಿಳಿದಿದ್ದ. ಸಂಜೆ ಗುಡಾರದಲ್ಲಿ ಊಟಕ್ಕೆ ಕೂತಾಗ ಅವನ ಕಣ್ಣು ಬಾರ್ಸ್‌ನ ಹೊಸ ನಿಲುವಂಗಿಯ ಮೇಲೆ ಬಿತ್ತು. ಕತ್ತಿನ ಸುತ್ತ, ಮುಂಗೈ ಸುತ್ತ ಕೆಂಪು ದಾರದ ಹೊಲಿಗೆ.

"ಇದೇನಪ್ಪ, ನದಿಯಾಚೆ ನೆಲ ಉಳೋರ ಹೊಲಿಗೆ! ಯಾರು ಹೊಲಿದದ್ದು?"

ಹೊಲಿದವಳು ಬಾರ್ಸ್‌ನ ತಾಯಿ ಮಿಲಾ. ನದಿಯಾಚೆಯ ಬೇಸಾಯಗಾರರ ಮಗಳು, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ತವರಿನಲ್ಲಿ ಮಕ್ಕಳ ಬಟ್ಟೆಗೆ ಕತ್ತಿನ ಹತ್ತಿರ, ಕೈಯ ಹತ್ತಿರ ಕೆಂಪು ದಾರ ಹಾಕುತ್ತಾರೆ. ಕೆಟ್ಟದ್ದೇನೂ ಒಳಗೆ ನುಗ್ಗಬಾರದು ಅಂತ. ಮಗನಿಗೆ ಮೀಸೆ ಬಂದರೂ ಅವಳ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ.

ಆ ಹೊತ್ತಿಗೆ ಅವಳು ಹುಳಿಬಂದ ಕುದುರೆಹಾಲಿನ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು.

ಬಾರ್ಸ್ ತಲೆ ತಗ್ಗಿಸಿದ. "ಮನೆ ಆಳು ಹೊಲಿದದ್ದು" ಅಂದ.

ತೊಗಾನ್ ನಕ್ಕ. ಗುರುಗಳನ್ನು ಬಿಟ್ಟು ಉಳಿದವರೂ ನಕ್ಕರು. ಮಿಲಾ ಬಟ್ಟಲನ್ನು ಅತಿಥಿಯ ಮುಂದಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಹೊರಗೆ ಹೋದಳು.

ಬಾರ್ಸ್ ಊಟ ಬಿಟ್ಟು ಎದ್ದ. ನಾಚಿಕೆಯಿಂದ ಹಿಡಿಯಷ್ಟಾಗಿಬಿಟ್ಟಿದ್ದ. ಆದರೆ ನಮಗೆ ನಾಚಿಕೆಯಾದಾಗ ನಮ್ಮನ್ನು ಬಿಟ್ಟು ಬೇರೆ ಯಾವುದರ ಮೇಲಾದರೂ ತಪ್ಪು ಹಾಕಿಬಿಡೋಣ ಅನ್ನಿಸುತ್ತದಲ್ಲ, ಅವನಿಗೂ ಹಾಗೇ ಆಯಿತು. ಎಲ್ಲ ತಪ್ಪೂ ಆ ಕೆಂಪು ದಾರದ್ದು.

ನದಿಯ ದಡಕ್ಕೆ ಹೋಗಿ ಕೂತು, ಚಾಕುವಿನ ಮೊನೆಯಿಂದ ಕತ್ತಿನ ಹೊಲಿಗೆಯನ್ನು ಬಿಚ್ಚತೊಡಗಿದ. ಅವಸರಕ್ಕೆ ಬಟ್ಟೆಯೂ ಹರಿಯಿತು.

ಇಲ್ಮಾನ್ ಗುರುಗಳು ಬಂದು ಪಕ್ಕದಲ್ಲಿ ಕೂತರು. "ಏನು ಮಾಡ್ತಿದ್ದೀಯ?"

"ನಾಳೆ ಕುಲದ ಮುಂದೆ ನಿಲ್ಲಬೇಕು ಗುರುಗಳೇ. ಮೈಮೇಲೆ ನಮ್ಮದಲ್ಲದ್ದು ಇರಬಾರದು."

"ಒಳ್ಳೇದು. ಮಾಡೋದಾದ್ರೆ ಪೂರ್ತಿ ಮಾಡು. ಕಥೆ ಹೇಳು. ಬೇರೆಯವರಿಂದ ಬಂದದ್ದು ಅಂತ ಯಾವುದು ಬರುತ್ತೋ ಅದನ್ನ ಮೈಯಿಂದ ತೆಗೆದಿಡ್ತಾ ಹೋಗು."

ಬಾರ್ಸ್ ಅಂಗಿ ಸರಿಮಾಡಿಕೊಂಡು ಎದ್ದು ನಿಂತ. ಕಥೆ ಹೇಳುವುದೆಂದರೆ ಅವನಿಗೆ ಹೆಮ್ಮೆ.

"ನಮ್ಮ ಹಿರಿಯರು ಬಡಗಣ ಕಾಡಿನಿಂದ ಕಾಲ್ನಡಿಗೆಯಲ್ಲಿ ಬಂದರು. ಅವರ ಕೈ ಮೀನಿನ ವಾಸನೆ ಹೊಡೆಯುತ್ತಿತ್ತು. ಬಯಲಿನ ತುರ್ಕಿ ಜನ ಅವರನ್ನು ಕುದುರೆ ಹತ್ತಿಸಿದರು. ಸೊಂಟಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಿದರು..."

ಅವನು ಮಾತು ನಿಲ್ಲಿಸಿದ.

"ಮರೆತುಹೋಯ್ತಾ?"

"ಇಲ್ಲ" ಅಂದು ಸೊಂಟದ ಪಟ್ಟಿ ಬಿಚ್ಚಿಟ್ಟ.

"...ಎಡಕ್ಕೆ ಮಡಚುವ ನಿಲುವಂಗಿ ತೊಡಿಸಿದರು."

ಪಟ್ಟಿ ಬಿಚ್ಚಿಟ್ಟ.

"ಬೆಟ್ಟದ ಜನರ ಜೊತೆ ಹೆಣ್ಣು ಕೊಟ್ಟು ತಂದೆವು. ಮೆತ್ತನೆಯ ಬೂಟು ಹೊಲಿಯುವುದು ಅವರಿಂದ ಬಂತು."

ಬೂಟು ಬಿಚ್ಚಿಟ್ಟ. ನೆಲ ತಣ್ಣಗಿತ್ತು. ಮುಂದಿನ ಮಾತು ನೆನಪಾಗಿ ಅವನ ದನಿ ಇಳಿಯಿತು.

"ನದಿಯಾಚೆ ಉಳುವವರಿಗೆ ಕುರಿ ಕೊಟ್ಟೆವು. ಅವರಿಂದ... ಅಗಸೆನಾರಿನ ಒಳಂಗಿ ತೊಟ್ಟೆವು."

ಒಳಂಗಿಯೂ ಹೋಯಿತು. ಅವನ ಕೈ ಇಜಾರದ ಲಾಡಿಗೆ ಬಂದು ನಿಂತಿತು.

"ಅದೂ ಕುದುರೆ ಜೊತೆ ಬಂದದ್ದೇ. ಇರಲಿ ಬಿಡು, ನೀರಿಗೆ ಹೆಂಗಸರು ಬರ್ತಾರೆ" ಅಂದರು ಗುರುಗಳು.

ಗಾಳಿಗೆ ಬಾರ್ಸ್‌ನ ಹಲ್ಲು ಕಟಕಟ ಎನ್ನುತ್ತಿತ್ತು.

"ಇನ್ನು ಉಳಿದದ್ದೆಲ್ಲ ನಮ್ಮದು ತಾನೆ?" ಗುರುಗಳು ಕೇಳಿದರು.

"ಉಳಿದಿರೋದೇನು ಗುರುಗಳೇ, ಬರೀ ಮೈ."

"ಅದನ್ನ ಕೊಟ್ಟದ್ದು ಯಾರು? ಮನೆ ಆಳೇನು?"

ಬಾರ್ಸ್ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತಾಯಿ ಹನಿ ಚೆಲ್ಲದ ಹಾಗೆ ಬಟ್ಟಲಿಟ್ಟದ್ದು ಕಣ್ಣಿಗೆ ಕಟ್ಟಿತು. ಬೈದಿದ್ದರೆ ಆಗಿತ್ತು. ಬಟ್ಟಲು ಎಸೆದಿದ್ದರೂ ಆಗಿತ್ತು.

"ಈಗಲೇ ಗುಡಾರದ ಹಿಂದೆ ಕರೆದು ಕಾಲಿಗೆ ಬೀಳ್ತೀನಿ" ಅಂದ.

"ಆಳು ಅಂದದ್ದೂ ಗುಡಾರದ ಹಿಂದೇನಾ?"

ಅಷ್ಟು ಹೇಳಿ ಗುರುಗಳು ಎದ್ದು ಹೋದರು.

ಬೆಳಿಗ್ಗೆ ಸಭೆ ಸೇರಿತು. ಮಧ್ಯದಲ್ಲಿ ಕಂಬಳಿಯ ಮೇಲೆ ಬೆಳ್ಳಿಬಿಲ್ಲೆಗಳ ಪಟ್ಟಿ ಹೊಳೆಯುತ್ತಿತ್ತು.

ಬಾರ್ಸ್ ಬಂದದ್ದನ್ನು ನೋಡಿ ಜನ ಮಾತು ನಿಲ್ಲಿಸಿದರು. ಟೋಪಿ ಕೈಯಲ್ಲಿತ್ತು. ಸೊಂಟದ ಪಟ್ಟಿ ಕತ್ತಿನಲ್ಲಿ ನೇತಾಡುತ್ತಿತ್ತು. ಬಯಲಿನಲ್ಲಿ ತಪ್ಪು ಮಾಡಿದವನು ಒಪ್ಪಿಕೊಳ್ಳಲು ಬರುವುದು ಹಾಗೆ. ಹಾಗೆ ಬಂದವನ ಸೊಂಟಕ್ಕೆ ಆ ದಿನ ಯಾರೂ ಹೊಸ ಪಟ್ಟಿ ಕಟ್ಟುವುದಿಲ್ಲ. ಮುಂದೆಂದಾದರೂ ಕಟ್ಟುತ್ತಾರೆ ಎಂಬ ಭರವಸೆಯೂ ಇಲ್ಲ.

ಅವನು ತೊಗಾನ್‌ನ ಎದುರು ನಿಂತ.

"ಯಜಮಾನರೇ, ಈ ಹೊಲಿಗೆ ಯಾರದು ಅಂತ ನಿನ್ನೆ ಕೇಳಿದ್ರಿ. ನಮ್ಮಮ್ಮನದು. ಅವಳ ಎದುರಲ್ಲೇ ನಿಮಗೆ ಸುಳ್ಳು ಹೇಳಿದೆ."

ಹಿಂದೆ ಯಾರೋ ಕಿಸಕ್ಕೆಂದರು. ಬಾರ್ಸ್‌ನ ಕಿವಿ ಸುಟ್ಟುಹೋದ ಹಾಗಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಿಂತೇ ಇದ್ದ.

ಹಾಲು ಕರೆಯುವ ಹೆಂಗಸರ ನಡುವಿನಿಂದ ಮಿಲಾ ಎದ್ದು ಬಂದಳು. ಹೊಡೆಯುತ್ತಾಳೆ ಅಂದುಕೊಂಡ. ಅಳುತ್ತಾಳೆ ಅಂದುಕೊಂಡ. ಅವಳು ಅವನ ಕತ್ತಿನ ಹತ್ತಿರ ಬಟ್ಟೆ ಎತ್ತಿ ನೋಡಿದಳು.

"ದಾರ ಬಿಚ್ಚೋಕೆ ಹೋಗಿ ಬಟ್ಟೇನೇ ಸೀಳಿದ್ದೀಯಲ್ಲೋ. ಗಾಳಿ ನುಗ್ಗಲ್ವಾ? ಮಂಡಿಯೂರು."

ಅವನು ಮಂಡಿಯೂರಿದ. ಅವಳು ತಲೆವಸ್ತ್ರಕ್ಕೆ ಸಿಕ್ಕಿಸಿದ್ದ ಸೂಜಿ ತೆಗೆದು ಕೆಂಪು ದಾರ ಪೋಣಿಸಿದಳು. ಇಡೀ ಕುಲದ ಎದುರು ಹೊಲಿಯತೊಡಗಿದಳು. ಅವನ ಕಣ್ಣೀರು ಅವಳ ಕೈಮೇಲೆ ಬೀಳುತ್ತಿತ್ತು.

"ಅಲ್ಲಾಡಬೇಡ, ಚುಚ್ಚೀತು" ಅಂದಳು.

ಅವಳಿಗೇನೂ ಅವಸರವಿರಲಿಲ್ಲ. ಸಭೆ ಕಾಯಿತು. ಬಿಸಿಲೇರಿತು. ತೊಗಾನ್ ಕೂತಲ್ಲಿ ಕೂರಲಾರದೆ ಗುರುಗಳ ಕಡೆ ಬಾಗಿದ.

"ನಿಮ್ಮ ಕುಲದ ಕಥೆ ಕೇಳೋಕೆ ಅಂತ ಬಂದೋನು ನಾನು. ಶುರು ಮಾಡೋದು ಯಾವಾಗ?"

ಇಲ್ಮಾನ್ ಗುರುಗಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಶುರುವಾಗಿ ಆಗಲೇ ಬಹಳ ಹೊತ್ತಾಯ್ತು. ಕೂತ್ಕೊಳ್ಳಿ."