ಗುರ್ ಅನ್ನದ ಗಾಡಿ

ಇದು ಸುಳ್ಳು ಅನ್ನೋ ಗಂಡಸಿದ್ದರೆ ಕೆಂಚನಕೆರೆ ಗೇಟಿಗೆ ಬಂದು ಹೇಳಲಿ! ಅಲ್ಲಿನ ನಾಯಿಗಳಲ್ಲಿ ಜಗ್ಗನಷ್ಟು ಗಾಡಿ ಬಲ್ಲವನಿರಲಿಲ್ಲ. ಮೈಲಿ ದೂರದ ಇಂಜಿನ್ ಸದ್ದಿಗೇ ಕಂಪನಿಯ ಹೆಸರು ಹೇಳುತ್ತಿದ್ದ. ಅದಕ್ಕೇ ಗಾಡಿ ಅಟ್ಟಿಸಿಕೊಂಡು ಹೋಗುವಾಗ ಎಲ್ಲರಿಗಿಂತ ಮುಂದಿನ ಜಾಗ ಅವನದು.

ಒಂದು ದಿನ, ಗುಡುಗುವ ಗಾಡಿಗಳಿಗೇ ಹೆಸರಾದ ಕಂಪನಿಯ ಮೊದಲ ಕರೆಂಟ್ ಕಾರು ಬಂದು ಅವನ ಬೆನ್ನ ಹಿಂದೆಯೇ ನಿಂತಿತು. ಜಗ್ಗನಿಗೆ ಗೊತ್ತೇ ಆಗಲಿಲ್ಲ.

"ಎತ್ತರ ಜೀಪಿನದು, ಬೆನ್ನು ಕಾರಿನದು. ಏನಣ್ಣ ಇದು?" ಎಂದಿತು ಒಂದು ನಾಯಿ.

"ಹೊಗೆ ಕೊಳವೆಯೂ ಇಲ್ಲ. ಮೂಗು ಎಲ್ಲಿಡೋದು?" ಎಂದಿತು ಇನ್ನೊಂದು.

ಜಗ್ಗ ಕಾರಿನೆದುರು ಕೂತ. "ಲೇ, ಒಂದ್ಸಲ ಗುರ್ ಅನ್ನು. ನೀನು ಗಾಡಿ ಹೌದೋ ಅಲ್ಲವೋ ಆಮೇಲೆ ಹೇಳ್ತೀನಿ."

"ಗುರ್ ಅನ್ನೋಕೆ ಬರಲ್ಲಣ್ಣ, ಓಡೋಕೆ ಬರುತ್ತೆ" ಎಂದ ಕಾರು ಅವನನ್ನು ಬಳಸಿ ಹೊರಟೇಬಿಟ್ಟಿತು.

ಸದ್ದೇ ಇಲ್ಲದೆ ಯಾವುದರ ಹಿಂದೆ ಓಡೋದು? ಜಗ್ಗ ಕಿವಿ ನಿಮಿರಿಸಿ ಕೂತೇ ಇದ್ದ. ಹುಟ್ಟುಕಿವುಡಿಯಾಗಿ ಸದಾ ಕೊನೆಯಲ್ಲಿ ಓಡುತ್ತಿದ್ದ ಚೆನ್ನಿ ಮಾತ್ರ, "ಏನ್ರೋ ನೋಡ್ತಿದ್ದೀರಾ, ಗಾಡಿ ಹೋಯ್ತು!" ಎಂದು ಹಾರಿದಳು. ಉಳಿದವರೆಲ್ಲ ಅವಳ ಹಿಂದೆ.

ಅವರು ಏದುಸಿರು ಬಿಡುತ್ತ ಮರಳಿದಾಗ ಜಗ್ಗ ಕೇಳಿದ, "ಹಾಗಾದ್ರೆ ಅದು ಗಾಡಿನೇನ್ರೋ?"

ಮುಂದಿನ ಜಾಗ ಚೆನ್ನಿಗೆ ಹೋಯಿತು. ಜಗ್ಗನಿಗೆ ಅವಳ ಹಳೆಯ ಜಾಗ ಕೊಟ್ಟರು.