ಸೆರಗಿನ ಗುಡ್ಡ

ಕರಿಮಟ್ಟಿಯ ಪಡುವಣಕ್ಕೆ ಒಂದು ಬೋಳುಗುಡ್ಡವಿದೆ. ನೆತ್ತಿಯ ಮೇಲೊಂದು ನಿಲುಗಲ್ಲು, ಅದಕ್ಕೆ ಕಟ್ಟಿದ ಕೆಂಪು ಸೆರಗು, ಬುಡದಲ್ಲಿ ಹಿಡಿ ಉಪ್ಪು. ದೇವರಿಲ್ಲ, ಪೂಜೆಯಿಲ್ಲ. ಸೆರಗಿನ ಗುಡ್ಡವೆಂಬ ಹೆಸರು ಕೇಳಿ ನಗುತ್ತ ಹತ್ತಿದ ಹೊರಗಿನವರು, ಕಥೆ ಕೇಳಿದ ಮೇಲೆ ನಗು ಬಿಟ್ಟು ಇಳಿದು ಹೋಗುತ್ತಾರೆ.

ಹಿಂದೆ ಒಮ್ಮೆ, ಹೇರೆತ್ತುಗಳ ಮೇಲೆ ಉಪ್ಪು ಬರುತ್ತಿದ್ದ ಕಾಲದಲ್ಲಿ, ಊರಿನ ಬಿತ್ತನೆಯ ದಿನ ಹೇಳುವ ಮಾತು ಫಕೀರವ್ವ ಎಂಬಾಕೆಯ ಮನೆತನದ್ದಾಗಿತ್ತಂತೆ. ಮುಂಗಾರು ಮೊದಲಾಗುವ ಮಿರಗ ಮಳೆಯ ಹೊತ್ತಿಗೆ ಆ ಮನೆಯ ಹಿರಿಯಳು ಗುಡ್ಡ ಹತ್ತಿ ಗಾಳಿಗೆ ಸೆರಗು ಬಿಡಬೇಕು. ಅದು ಮೂರು ದಿನ ಮೂಡಲಿಗೇ ಹಾರಿದರೆ ನೆಲದೊಳಗಿನ ಕಾಳಿನ ಹಗೇವು ತೆರೆದು ಎಲ್ಲರೂ ಒಂದೇ ದಿನ ಬಿತ್ತಬೇಕು. ಬೀಜ ಹಿಂದಿಟ್ಟುಕೊಂಡರೆ ಗಾಳಿಯನ್ನು ಶಂಕಿಸಿದಂತೆ. ಆದ್ದರಿಂದ ಒಂದು ಕಾಳೂ ಉಳಿಸುತ್ತಿರಲಿಲ್ಲ. ಒಂದು ಬೇಸಿಗೆ, ಕಡಲ ಕಡೆಯಿಂದ ಉಪ್ಪು ತರುತ್ತಿದ್ದ ಬೊಮ್ಮಯ್ಯ, ಆಗಿನ ಹಿರಿಯಳಾದ ಫಕೀರವ್ವನ ಕಟ್ಟೆಯ ಮೇಲೆ ಕೂತು, “ಅಮ್ಮಾ, ಕಡ್ಲ ನೀರು ಬೆಚ್ಚಗಾಗ್ಯದೆ. ಚಳಿಗಾಲದಿಂದ ತಾರ್ಲೆ ಮೀನು ದಡ ಮುಟ್ಲಿಲ್ಲ. ಇಂಥಾ ವರ್ಷ ಗಾಳಿ ಬರಿಗೈಲೇ ಬರ್ತದೆ,” ಎಂದ.

“ಮೀನಿಗೂ ಜ್ವಾಳಕ್ಕೂ ಏನ್ ನಂಟಪಾ?” ಎಂದು ಆಕೆ ನಕ್ಕಳು. ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಸೆರಗು ಮೂರು ದಿನವೂ ಮೂಡಲಿಗೇ ಹಾರಿತು. ಊರು ಬಿತ್ತಿತು. ಒಂದು ಹದ ಮಳೆಗೆ ಮೊಳಕೆ ಎದ್ದವು. ಆಮೇಲೆ ಗಾಳಿಯೊಂದೇ ಬೀಸಿತು, ಒಣಗಾಳಿ. ದೀಪಾವಳಿಯ ವೇಳೆಗೆ ಮನೆಗಳು ಖಾಲಿಯಾದವು. ಫಕೀರವ್ವನ ಮಗಳು ನೀಲವ್ವ ಹಸುಗೂಸನ್ನು ಕಟ್ಟಿಕೊಂಡು ಗುಳೆ ಹೋದಳು. ಕೂಸು ದಾರಿಯಲ್ಲೇ ತೀರಿಕೊಂಡಿತು. ಸುದ್ದಿ ಬಂದ ದಿನ ಫಕೀರವ್ವ ಚಾವಡಿಗೆ ಬಂದು, ಉಳಿದ ನಾಲ್ಕು ಮಂದಿಯ ಮುಂದೆ ಬೊಮ್ಮಯ್ಯನ ಮಾತನ್ನು ಒಪ್ಪಿಸಿದಳು. “ಬಿಡಬೇ ಯವ್ವಾ, ನೀ ಹೇಳಿದ್ರೂ ನಾವು ನಗತಿದ್ವಿ,” ಎಂದ ಊರಗೌಡ. ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳೇನೋ. ಆ ಕರುಣೆಯನ್ನು ತಡೆದುಕೊಳ್ಳಲು ಅವಳಿಂದಾಗಲಿಲ್ಲ.

ಮರುದಿನ ಗುಡ್ಡ ಹತ್ತಿ, ಸೆರಗು ಹರಿದು ಕಲ್ಲಿಗೆ ಕಟ್ಟಿದಳು. “ಗಾಳಿ ಎತ್ತ ಹೊಂಟೈತಿ ಅಂತ ಇದು ಹೇಳತೈತಿ. ಏನ್ ತಂದೈತಿ ಅಂತ ಕಡಲಿನವರನ್ನ ಕೇಳ್ರಿ,” ಎಂದು ಹಿಂದೆ ಬಂದವರಿಗೆ ಹೇಳಿ, ತಾನೇ ಕೇಳಿ ಬರುವೆನೆಂದು ಪಡುವಣಕ್ಕೆ ನಡೆದಳು. ಮರಳಿ ಬರಲಿಲ್ಲ ಎನ್ನುತ್ತಾರೆ.

ಈಗಲೂ ಮಿರಗಕ್ಕೆ ಹೊಸ ಸೆರಗು ಕಟ್ಟುತ್ತಾರೆ, ಬೊಮ್ಮಯ್ಯನ ಹೆಸರಲ್ಲಿ ಉಪ್ಪಿಡುತ್ತಾರೆ. ಉಪ್ಪಿನ ಲಾರಿ ಬಂದರೆ ಮುದುಕಿಯರು ಅಡ್ಡ ನಿಂತು, “ಮೀನು ಬಂದಾವೇನಪಾ?” ಎಂದು ಕೇಳುತ್ತಾರೆ. ಕಡಲನ್ನೇ ಕಾಣದ ಡ್ರೈವರು ಪಿಳಿಪಿಳಿ ನೋಡುತ್ತಾನೆ. ಸೆರಗು ಹೇಗೇ ಹಾರಲಿ, ಪ್ರತಿ ಮನೆಯಲ್ಲೂ ಒಂದು ಗಂಟು ಬೀಜವನ್ನು ಬಿಚ್ಚದೆ ತೆಗೆದಿಡುತ್ತಾರೆ. ಅದಕ್ಕೆ ಕೂಸಿನ ಪಾಲು ಎನ್ನುತ್ತಾರೆ.